ಸೇಂಟ್ ಮೇರೀಸ್ ದ್ವೀಪದ ಕಲ್ಲನ್ನು ಬಗ್ಗಿ ನೋಡಿ

ಮಲ್ಪೆಯಲ್ಲಿ ದೋಣಿ ಹತ್ತಿದರೆ ಸುಮಾರು ಅರ್ಧ ಗಂಟೆಯಲ್ಲಿ ಸೇಂಟ್ ಮೇರೀಸ್ ದ್ವೀಪ. ಉಡುಪಿಯವರಿಗೆ ಇದು ಊರಿಗೆ ನೆಂಟರು ಬಂದಾಗ ಕರೆದುಕೊಂಡು ಹೋಗುವ ಜಾಗ. ತೆಂಗಿನ ಮರ, ಚಿಪ್ಪು ತುಂಬಿದ ದಂಡೆ, ಒಂದಷ್ಟು ಫೋಟೊ, ವಾಪಸ್. ಕಲ್ಲಿನ ಕಂಬಗಳ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುವವರು ಬಹಳ. ಬಗ್ಗಿ ಆ ಕಲ್ಲನ್ನೇ ನೋಡುವವರು ಕಡಿಮೆ. ಇದು ನನಗೆ ಯಾವಾಗಲೂ ಬೇಸರದ ವಿಷಯ.

ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿಗೆ ಬಂದಿದ್ದ, ಸೇಂಟ್ ಮೇರಿ ಎಂಬ ಹೆಸರು ಅವನಿಂದಲೇ ಬಂತು ಎಂದು ಜನ ಹೇಳುತ್ತಾರೆ. ಇರಲಿ. ಕಲ್ಲಿನ ವಯಸ್ಸಿನ ಮುಂದೆ ಐನೂರು ವರ್ಷ ಏನೂ ಅಲ್ಲ. ಈ ಕಲ್ಲು ಹುಟ್ಟಿ ಸುಮಾರು 9 ಕೋಟಿ ವರ್ಷ ಆಗಿದೆ. ಆಗಿನ್ನೂ ಡೈನೋಸಾರ್‌ಗಳು ಓಡಾಡಿಕೊಂಡಿದ್ದವು. ಹಿಮಾಲಯ ಇರಲೇ ಇಲ್ಲ.

ಕಂಬಗಳನ್ನು ಯಾರೂ ಕೆತ್ತಿಲ್ಲ. ಭೂಮಿಯೊಳಗಿಂದ ಉಕ್ಕಿದ ಲಾವಾ ನಿಧಾನವಾಗಿ ತಣಿದು ಗಟ್ಟಿಯಾಯಿತು. ತಣಿಯುವಾಗ ಕಲ್ಲು ಕುಗ್ಗುತ್ತದೆ. ಆದರೆ ಸುತ್ತಲೂ ಅದೇ ಕಲ್ಲು ಬಿಗಿಯಾಗಿ ಹಿಡಿದುಕೊಂಡಿರುವಾಗ ಕುಗ್ಗುವುದು ಎಲ್ಲಿಗೆ? ಬಿರುಕು ಬಿಡಲೇಬೇಕು. ಬೇಸಿಗೆಯಲ್ಲಿ ಕೆರೆ ಒಣಗಿದಾಗ ತಳದ ಕೆಸರು ಹೆಂಚು ಹೆಂಚಾಗಿ ಬಿರಿಯುತ್ತದಲ್ವಾ, ಹೆಚ್ಚುಕಡಿಮೆ ಹಾಗೆಯೇ. ಮೂರು ಬಿರುಕುಗಳು ಒಂದೆಡೆ ಕೂಡಿ, ಒಂದಕ್ಕೊಂದು ಸುಮಾರು 120 ಡಿಗ್ರಿ ಕೋನದಲ್ಲಿ ನಿಂತರೆ ಎಳೆತ ಚೆನ್ನಾಗಿ ಸಡಿಲವಾಗುತ್ತದೆ. ಅದಕ್ಕೇ ಆರು ಮೂಲೆಯ ಆಕಾರ ಜಾಸ್ತಿ. ಎಲ್ಲವೂ ಆರೇ ಅಲ್ಲ; ಐದು, ಏಳು ಮೂಲೆಯವೂ ಇವೆ. ಹೋದಾಗ ಸುಮ್ನೆ ಎಣಿಸಿ ನೋಡಿ, ಮಕ್ಕಳಿದ್ದರೆ ಅವರಿಗೇ ಬಿಡಿ.

ಕೆಸರಿನ ಬಿರುಕು ಸ್ವಲ್ಪ ಆಳಕ್ಕೆ ಹೋಗಿ ನಿಂತುಬಿಡುತ್ತದೆ. ಲಾವಾದಲ್ಲಿ ಹಾಗಲ್ಲ. ತಂಪು ಒಳಗೆ ಇಳಿದಂತೆಲ್ಲ ಬಿರುಕೂ ಅದರ ಹಿಂದೆಯೇ ಇಳಿಯುತ್ತದೆ. ಒಂದೇ ಸಮನೆ ಅಲ್ಲ, ಸ್ವಲ್ಪ ಸೀಳಿ, ನಿಂತು, ಮತ್ತೆ ಸ್ವಲ್ಪ ಸೀಳಿ. ಇಂಥ ಕಂಬಗಳ ಬದಿಯಲ್ಲಿ ಕೆಲವೊಮ್ಮೆ ಅಡ್ಡಡ್ಡ ಪಟ್ಟಿಗಳು ಕಾಣುವುದು ಇದರಿಂದಲೇ. ಒಂದೊಂದು ಪಟ್ಟಿಯೂ ಬಿರುಕು ಇಟ್ಟ ಒಂದೊಂದು ಹೆಜ್ಜೆ. ಲಾವಾ ಬೇಗ ತಣಿದರೆ ಕಂಬಗಳು ಸಣ್ಣ, ನಿಧಾನವಾಗಿ ತಣಿದರೆ ದಪ್ಪ. ಶಾಖ ಹೊರಟ ದಿಕ್ಕಿಗೇ ಕಂಬವೂ ಮುಖ ಮಾಡುತ್ತದೆ. ಹಾಗಾಗಿ ವಾಲಿದ ಕಂಬ ಕಂಡ ಕೂಡಲೇ ಬಿದ್ದದ್ದು ಅಂದುಕೊಳ್ಳಬೇಡಿ, ಹುಟ್ಟಿದ್ದೇ ಹಾಗಿರಬಹುದು.

ಇದನ್ನು ಬಸಾಲ್ಟ್, ಅಂದರೆ ಲಾವಾ ತಣಿದು ಆಗುವ ಒಂದು ಬಗೆಯ ಕಪ್ಪು ಕಲ್ಲು, ಎನ್ನುವುದು ರೂಢಿ. ಮಹಾರಾಷ್ಟ್ರದ ಡೆಕ್ಕನ್ ಟ್ರ್ಯಾಪ್ ಕಲ್ಲಿನ ಜೊತೆ ಸೇರಿಸಿ ಮಾತಾಡುವವರೂ ಇದ್ದಾರೆ. ಎರಡೂ ಸರಿಯಲ್ಲ. ಡೆಕ್ಕನ್ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷದ ಹಿಂದೆ. ನಮ್ಮ ದ್ವೀಪ ಅದಕ್ಕಿಂತ 2 ಕೋಟಿ ವರ್ಷಕ್ಕೂ ಹೆಚ್ಚು ಹಿರಿದು. ಕಲ್ಲಿನ ಜಾತಿಯೂ ಬೇರೆ. ಇದರಲ್ಲಿ ಸಿಲಿಕಾ (ಮರಳಿನಲ್ಲಿರುವ ಮುಖ್ಯ ವಸ್ತು) ಅಂಶ ಜಾಸ್ತಿ, ಭೂವಿಜ್ಞಾನಿಗಳು ರಯೊಡೇಸೈಟ್, ರಯೊಲೈಟ್ ಎಂದು ಕರೆಯುತ್ತಾರೆ. ಮಣಿಪಾಲದ ಗುಡ್ಡದಲ್ಲಿ ಸಿಗುವ ಮುರಕಲ್ಲಿಗಂತೂ ಇದು ನೆಂಟನೂ ಅಲ್ಲ.

ಹಾಗಾದರೆ ನೆಂಟರು ಯಾರು? ಸಮುದ್ರದಾಚೆ, ಇಲ್ಲಿಂದ ಸುಮಾರು 4,000 ಕಿ.ಮೀ. ದೂರದ ಮಡಗಾಸ್ಕರ್‌ನಲ್ಲಿದ್ದಾರೆ. ಅಲ್ಲೂ ಇದೇ ಕಾಲದ ಜ್ವಾಲಾಮುಖಿ ಕಲ್ಲುಗಳಿವೆ, ರಾಸಾಯನಿಕ ಗುಣವೂ ಹೊಂದುತ್ತದೆ. ಆಗ ನಮ್ಮ ಪಶ್ಚಿಮ ಕರಾವಳಿಗೆ ಮಡಗಾಸ್ಕರ್ ಅಂಟಿಕೊಂಡಿತ್ತು. ಮಧ್ಯೆ ಈಗಿನ ಸಮುದ್ರ ಇರಲಿಲ್ಲ. ಕೆಳಗಿನಿಂದ ಬಂದ ಬಿಸಿಗೆ ನೆಲ ಹಿಗ್ಗಿ, ತೆಳುವಾಗಿ, ಸೀಳಿತು. ಆ ಬಿಸಿಯ ಮೂಲವನ್ನು ಮ್ಯಾರಿಯನ್ ಹಾಟ್‌ಸ್ಪಾಟ್ ಎನ್ನುತ್ತಾರೆ. ಈಗ ಅದು ಹಿಂದೂ ಮಹಾಸಾಗರದ ದಕ್ಷಿಣ ಭಾಗದ ಮ್ಯಾರಿಯನ್ ದ್ವೀಪದ ಹತ್ತಿರ ಇದೆ. ಎರಡು ನೆಲಗಳು ಬೇರೆಯಾಗುವ ಹೊತ್ತಿಗೆ ಉಕ್ಕಿದ ಲಾವಾದ ಒಂದು ತುಣುಕು ಈ ದ್ವೀಪ.

ನನಗೆ ಇದಕ್ಕಿಂತಲೂ ಬೆರಗು ಹುಟ್ಟಿಸಿದ್ದು ಇನ್ನೊಂದು. ಲಾವಾ ತಣಿಯುವಾಗ ಅದರೊಳಗಿನ ಕಬ್ಬಿಣದ ಖನಿಜಗಳು ಆಗಿನ ಭೂಮಿಯ ಕಾಂತಕ್ಷೇತ್ರದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಭೂಮಧ್ಯರೇಖೆಯ ಹತ್ತಿರ ಆ ದಿಕ್ಕು ನೆಲಕ್ಕೆ ಸಮಾನಾಂತರವಾಗಿರುತ್ತದೆ, ಧ್ರುವದ ಕಡೆ ಹೋದಷ್ಟೂ ಹೆಚ್ಚು ವಾಲುತ್ತದೆ. ಆ ವಾಲು ಅಳೆದರೆ ಕಲ್ಲು ಹುಟ್ಟಿದ ಅಕ್ಷಾಂಶ ಗೊತ್ತಾಗುತ್ತದೆ. ಸೇಂಟ್ ಮೇರೀಸ್ ಕಲ್ಲನ್ನೂ ಹೀಗೆ ಅಳೆದಿದ್ದಾರೆ. ಅದು ಗಟ್ಟಿಯಾದದ್ದು ಭೂಮಧ್ಯರೇಖೆಯಿಂದ ಬಹಳ ದಕ್ಷಿಣಕ್ಕೆ! ಈಗ ಅದಿರುವುದು 13 ಡಿಗ್ರಿ ಉತ್ತರದಲ್ಲಿ. ಅಷ್ಟು ದೂರವನ್ನೂ ಅದು ಭಾರತದ ಜೊತೆಗೇ ತೇಲಿ ಬಂದಿದೆ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಆದರೂ ಕಂಬಗಳ ಮೇಲೆ ಹೆಸರು ಗೀಚಿದ್ದು ಕಂಡರೆ ಹೊಟ್ಟೆ ಉರಿಯುತ್ತದೆ. ಮಳೆಗಾಲದಲ್ಲಿ ಕಡಲು ಒರಟು, ದೋಣಿ ಹೋಗುವುದಿಲ್ಲ. ಮಳೆ ಮುಗಿದ ಮೇಲೆ, ಇಳಿತದ ಹೊತ್ತಿಗೆ ಹೋಗಿ. ಕಂಬಗಳ ಬುಡದವರೆಗೂ ನೋಡಬಹುದು. ಪಾಚಿ ಕಟ್ಟಿದ ಕಲ್ಲು ಭಾರೀ ಜಾರುತ್ತದೆ, ಒಳ್ಳೆ ಹಿಡಿತದ ಚಪ್ಪಲಿ ಹಾಕಿಕೊಳ್ಳಿ.