‘ಒಂದು ದಮ್ ಎಳಿ ಮಾರಾಯ’ ಅಂದಾಗ

ಮೇ 31, ವಿಶ್ವ ತಂಬಾಕು ರಹಿತ ದಿನ. ಒಂದು ಜಾಥಾ, ಒಂದು ಪ್ರತಿಜ್ಞೆ, ಕಪ್ಪಾದ ಶ್ವಾಸಕೋಶದ ಫ್ಲೆಕ್ಸು, ಅತಿಥಿಗಳ ಭಾಷಣ, ಕೊನೆಗೆ ಚಾ. ಶಾಲೆ ಆಗಷ್ಟೇ ತೆರೆಯುವ ಹೊತ್ತದು, ಅರ್ಧ ಮಕ್ಕಳು ಅಜ್ಜನಮನೆಯಿಂದ ಬಂದೇ ಇರುವುದಿಲ್ಲ. ಬಂದವರಿಗಾದರೂ ಏನು ಮುಟ್ಟೀತು? ಹದಿನಾರರ ಹುಡುಗನಿಗೆ ಐವತ್ತರಲ್ಲಿ ಬರುವ ಕ್ಯಾನ್ಸರು ಯಾರದೋ ಮನೆಯ ಕಾಯಿಲೆ. ಅವನಿಗೆ ತಾಗುವುದು ಇವತ್ತಿನದು: ವಾಲಿಬಾಲ್ ಮೂರನೇ ಸೆಟ್ಟಿಗೇ ಹತ್ತುವ ಏದುಸಿರು, ಬಾಯಿವಾಸನೆ, ಖಾಲಿಯಾಗುವ ಕಿಸೆ, ಮತ್ತು ತನ್ನನ್ನು ಯಾರೋ ಮಂಗ ಮಾಡುತ್ತಿದ್ದಾರೆಂಬ ಸಿಟ್ಟು.

ಈ ಸಿಟ್ಟನ್ನೇ ಹಿಡಿದು ಗೆದ್ದದ್ದು ಅಮೆರಿಕದ ‘ಟ್ರುತ್’ ಪ್ರಚಾರ. 1998ರಲ್ಲಿ ಫ್ಲಾರಿಡಾದಲ್ಲಿ ಶುರುವಾಗಿ 2000ದಲ್ಲಿ ದೇಶವ್ಯಾಪಿಯಾಯಿತು. ‘ಸೇದಬೇಡಿ’ ಎಂಬ ಬುದ್ಧಿಮಾತಿಗಿಂತ, ಕಂಪನಿಗಳು ಎಳೆಯರನ್ನು ಹೇಗೆ ಗಿರಾಕಿ ಮಾಡಿಕೊಳ್ಳುತ್ತವೆ ಎಂಬುದನ್ನು ತೋರಿಸುವುದೇ ಅದರ ದಾರಿ. ಅದೇ ಕಾಲದಲ್ಲಿ ಸಿಗರೇಟು ತಯಾರಿಸುವ ಫಿಲಿಪ್ ಮಾರಿಸ್ ಕಂಪನಿಯೇ ‘ಯೋಚಿಸಿ, ಸೇದಬೇಡಿ’ ಎಂಬ ಜಾಹೀರಾತು ಹಾಕಿತು. ಅದನ್ನು ನೋಡಿದ ಮಕ್ಕಳಲ್ಲಿ ಸೇದುವ ಕಡೆಗಿನ ಒಲವೇ ಹೆಚ್ಚು ಕಂಡಿತೆಂದು ಸಂಶೋಧಕರು ಬರೆದರು. ‘ಇದು ದೊಡ್ಡವರಿಗೆ ಮಾತ್ರ’ ಎಂದರೆ ಮೀಸೆ ಮೂಡುವ ವಯಸ್ಸಿಗೆ ಅದು ಆಹ್ವಾನ. ನಮ್ಮ ಫ್ಲೆಕ್ಸುಗಳಲ್ಲಿ ಈ ಸಾಲು ಈಗಲೂ ಕಾಣಸಿಗುತ್ತದೆ. ಮೊದಲು ಅದನ್ನು ತೆಗೆಯಿರಿ.

ಇನ್ನೊಂದು ಗಂಟು, ‘ಎಲ್ಲರೂ ಸೇದ್ತಾರೆ’ ಎಂಬ ನಂಬಿಕೆ. 2019ರ ಜಾಗತಿಕ ಯುವ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದ 13ರಿಂದ 15 ವರ್ಷದ ವಿದ್ಯಾರ್ಥಿಗಳಲ್ಲಿ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುವವರು 8.5 ಶೇಕಡಾ. ನಲವತ್ತು ಮಕ್ಕಳ ಕ್ಲಾಸಿನಲ್ಲಿ ಮೂರೋ ನಾಲ್ಕೋ ಮಂದಿ. ಇದನ್ನು ಭಾಷಣದಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಕ್ಲಾಸಿನಲ್ಲೇ ಎಣಿಸಿ ತೋರಿಸಬೇಕು. ಚೀಟಿಯಲ್ಲಿ ಎರಡೇ ಪ್ರಶ್ನೆ: ಕಳೆದ 30 ದಿನಗಳಲ್ಲಿ ಬೀಡಿ, ಸಿಗರೇಟು, ಗುಟ್ಕಾ, ಹೊಗೆಸೊಪ್ಪು ಯಾವುದನ್ನಾದರೂ ಬಳಸಿದ್ದೀಯಾ? ಈ ಕ್ಲಾಸಿನಲ್ಲಿ ಎಷ್ಟು ಜನ ಬಳಸಿರಬಹುದು? ಚೀಟಿ ಅಚ್ಚಾಗಿರಲಿ. ಮೊದಲನೆಯದಕ್ಕೆ ಟಿಕ್ಕು, ಎರಡನೆಯದಕ್ಕೆ ಅಂಕಿ, ಬೇರೆ ಅಕ್ಷರ ಬೇಡ. ಅಕ್ಷರ ಕಂಡರೆ ಮಾಸ್ತರರಿಗೆ ಯಾರದೆಂದು ಗೊತ್ತಾಗುತ್ತದೆ, ಅದು ಮಕ್ಕಳಿಗೂ ಗೊತ್ತು. ಚೀಟಿಯನ್ನು ಮಾಸ್ತರರು ಕೈಯಲ್ಲಿ ವಸೂಲಿ ಮಾಡದೆ ಚಪ್ಪಲಿ ಡಬ್ಬಿಗೆ ಹಾಕಿಸಿ. ಎಣಿಸುವುದು ಕೋಣೆಯ ಹೊರಗೆ, ಹೊರಗಿನಿಂದ ಬಂದವರಿಂದ. ನಿಜವಾದ ಸಂಖ್ಯೆ ಊಹೆಗಿಂತ ಕಡಿಮೆ ಇದ್ದರೆ ಎರಡನ್ನೂ ಬೋರ್ಡಿನ ಮೇಲೆ ಪಕ್ಕಪಕ್ಕ ಬರೆಯಿರಿ. ಹೆಚ್ಚಿದ್ದರೆ ಬರೆಯಲೇಬೇಡಿ, ಪ್ರಯೋಗ ತಿರುಗುಬಾಣವಾಗುತ್ತದೆ.

ಆಮೇಲೆ ಬೇಡ ಅನ್ನುವ ಅಭ್ಯಾಸ. ಮೊದಲ ಸಿಗರೇಟು ಕೊಡುವವನು ಅಪರಿಚಿತನಲ್ಲ, ಜೊತೆಗೆ ಆಡುವವನೇ. ಜಾತ್ರೆಯ ರಾತ್ರಿಯೋ ಆಟ ಮುಗಿದ ಮೇಲೋ ‘ಒಂದು ದಮ್ ಎಳಿ ಮಾರಾಯ’ ಅನ್ನುತ್ತಾನೆ. ಉತ್ತರಕ್ಕೆ ಎರಡು ಸೆಕೆಂಡು ಸಿಕ್ಕರೆ ಹೆಚ್ಚು. ಹಾಗಾಗಿ ಉತ್ತರ ನಾಲಗೆಯ ತುದಿಯಲ್ಲಿರಬೇಕು, ಮನೆಮಾತಿನಲ್ಲೇ ಇರಬೇಕು: ಕಾರವಾರದಲ್ಲಿ ಕೊಂಕಣಿ, ಶಿರಸಿಯ ಹಳ್ಳಿಗಳಲ್ಲಿ ಹವ್ಯಕ ಕನ್ನಡ, ಏನೂ ಆದೀತು. ‘ತಂಬಾಕು ಆರೋಗ್ಯಕ್ಕೆ ಹಾನಿಕರ’ ಎಂದು ಗೆಳೆಯನೆದುರು ಹೇಳುವವನಿಗೆ ಸಿಗುವುದು ನಗೆಪಾಟಲು. ‘ನಾಳೆ ಮ್ಯಾಚ್ ಉಂಟು, ಬೇಡ’ ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಮೂವರ ಗುಂಪು, ಹದಿನೈದು ನಿಮಿಷ, ಪ್ರತಿಯೊಬ್ಬನೂ ಒಮ್ಮೆ ಬೇಡ ಅನ್ನಲೇಬೇಕು. ಆ ಪಾತ್ರ ಕ್ಲಾಸಿನ ಜಾಣನಿಗೆ ಮೀಸಲಾದರೆ ಉಳಿದವರಿಗೆ ಅದು ನಾಟಕ, ಅಷ್ಟೇ. ವರ್ಷಕ್ಕೆ ಒಮ್ಮೆ ಮಾಡಿ ಬಿಟ್ಟರೂ ಮರೆತುಹೋಗುತ್ತದೆ. ತಿಂಗಳೊಪ್ಪತ್ತಿನ ಅಂತರದಲ್ಲಿ ಮೂರು ನಾಲ್ಕು ಸಲ ಬೇಕು.

ಘಟ್ಟದ ಮೇಲೆ ಕವಳದ, ಎಂದರೆ ಎಲೆಯಡಿಕೆಯ, ಮಾತು ಬಂದೇ ಬರುತ್ತದೆ. ಮಗುವಿಗೆ ಹೊಗೆಸೊಪ್ಪಿನ ಪರಿಚಯ ಅಂಗಡಿಗಿಂತ ಮೊದಲು ಜಗುಲಿಯ ಕವಳದ ಬಟ್ಟಲಲ್ಲಿ. ಸಿಗರೇಟನ್ನಷ್ಟೇ ಬೈದರೆ ಹೊಗೆಸೊಪ್ಪಿನ ಎಸಳು ನಿರಪಾಯವೆಂದು ಅರ್ಥವಾಗುತ್ತದೆ. ಅಡಿಕೆಯೇ ಅನ್ನ ಕೊಡುವ ಮನೆಗಳಿವು, ಮಾತು ಸೂಕ್ಷ್ಮ. ಆದರೂ ಮುಚ್ಚಿಡಬಾರದು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ, ತಂಬಾಕಿಲ್ಲದ ಕವಳವನ್ನೂ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು.

ಗೂಡಂಗಡಿ ಹಾಗೆಯೇ ಉಳಿದರೆ ಕ್ಲಾಸಿನ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಶಾಲೆಯಿಂದ 100 ಗಜ, ಎಂದರೆ ಸುಮಾರು 91 ಮೀಟರಿನೊಳಗೆ ಮಾರುವಂತಿಲ್ಲ ಎನ್ನುತ್ತದೆ 2003ರ ಕೇಂದ್ರ ತಂಬಾಕು ಕಾಯ್ದೆ. ಇಲ್ಲಿ ತಪ್ಪುವುದು ಅಳತೆ. ರಸ್ತೆಗುಂಟ ಅಳೆಯುವಂತಿಲ್ಲ, ಕಾಂಪೌಂಡಿನ ಹೊರ ಅಂಚಿನಿಂದ ನೇರ ಗೆರೆಯಲ್ಲಿ ಅಳೆಯಬೇಕು. ನಮ್ಮ ತಿರುವು ರಸ್ತೆಗಳಲ್ಲಿ ನಡೆದರೆ 130 ಮೀಟರ್ ಆಗುವ ಅಂಗಡಿ ಗುಡ್ಡದ ಅಡ್ಡಕ್ಕೆ 70ರಲ್ಲೇ ಇರಬಹುದು. 2025ರಲ್ಲಿ ಜಾರಿಯಾದ ರಾಜ್ಯದ ತಿದ್ದುಪಡಿ ಕೊಳ್ಳುವವರ ವಯಸ್ಸನ್ನು 18ರಿಂದ 21ಕ್ಕೆ ಏರಿಸಿ ಬಿಡಿ ಸಿಗರೇಟಿನ ಮಾರಾಟವನ್ನೂ ನಿಷೇಧಿಸಿತು. ಈ ಎರಡನೆಯದೇ ಹೆಚ್ಚು ಮುಖ್ಯ ಎನ್ನಬೇಕು. ಇಡೀ ಪ್ಯಾಕಿಗೆ ಹುಡುಗನ ಕಿಸೆ ಸಾಲದು, ಒಂದು ಸಿಗರೇಟಿಗೆ ಸಾಲುತ್ತದೆ. ಬಿಡಿಯಾಗಿ ಕೊಂಡರೆ ಪ್ಯಾಕಿನ ಮೇಲಿನ ಎಚ್ಚರಿಕೆಯ ಚಿತ್ರವೂ ಅವನ ಕಣ್ಣಿಗೆ ಬೀಳುವುದಿಲ್ಲ.

ಈಗಾಗಲೇ ಚಟ ಹತ್ತಿಸಿಕೊಂಡವನನ್ನು ಟಿ.ಸಿ. ಕೊಟ್ಟು ಕಳಿಸಿದರೆ ಅವನು ನೇರ ಅದೇ ಗೂಡಂಗಡಿಯ ಬೆಂಚಿಗೆ ಹೋಗುತ್ತಾನೆ. ಅವನಿಗೆ 1800-11-2356 ಬರೆದುಕೊಡಿ. ತಂಬಾಕು ಬಿಡಲು ನೆರವಾಗುವ, ಪ್ಯಾಕಿನ ಮೇಲೇ ಇರುವ ಉಚಿತ ಸಂಖ್ಯೆಯದು. ಚಟದ ಸೆಳೆತ ಒಮ್ಮೆ ಬಂದರೆ ಸಾಮಾನ್ಯವಾಗಿ ಐದು ನಿಮಿಷದೊಳಗೆ ಇಳಿಯುತ್ತದೆ, ಅಷ್ಟು ಹೊತ್ತು ನೀರು ಕುಡಿದು, ನಾಲ್ಕು ಹೆಜ್ಜೆ ತಿರುಗಿ ಕಳೆದರೆ ಸಾಕು ಎಂದೂ ಹೇಳಿ. ಎರಡು ತಿಂಗಳ ಮೇಲೆ ಅದೇ ಕ್ಲಾಸಿನಲ್ಲಿ ಚೀಟಿ ಡಬ್ಬಿ ಮತ್ತೆ ಇಡಿ.