ಅಹಮದಾಬಾದ್‌ನಲ್ಲಿ 1.32 ಲಕ್ಷ ಸೀಟು, ಆನ್‌ಫೀಲ್ಡ್‌ನಲ್ಲಿ 61 ಸಾವಿರ ಯಾಕೆ?

ಪ್ರಶ್ನೆ: ಲಿವರ್‌ಪೂಲ್‌ನಂಥ ಕ್ಲಬ್‌ನ ಸೀಸನ್ ಟಿಕೆಟ್‌ಗೆ ಜನ ವರ್ಷಗಟ್ಟಲೆ ಕಾಯುತ್ತಾರಂತೆ. ಕ್ಲಬ್‌ಗೆ ದುಡ್ಡಿನ ಬರವೂ ಇಲ್ಲ. ಹಾಗಿದ್ದ ಮೇಲೆ ಅಹಮದಾಬಾದ್‌ನಲ್ಲಿ ಕಟ್ಟಿದ ಹಾಗೆ ಲಕ್ಷ ಜನ ಕೂರುವ ಸ್ಟೇಡಿಯಂ ಒಂದೇ ಸಲಕ್ಕೆ ಕಟ್ಟಬಾರದೇ? ಏಳು ಸಾವಿರ, ಎಂಟು ಸಾವಿರ ಅಂತ ಕಂತಿನಲ್ಲಿ ಸೀಟು ಹೆಚ್ಚಿಸುವುದು ಯಾಕೆ?

ಉತ್ತರ: ಇಂಗ್ಲಿಷ್ ಫುಟ್‌ಬಾಲ್ ನೋಡುವ ನಮ್ಮವರು ಪದೇ ಪದೇ ಕೇಳುವ ಪ್ರಶ್ನೆ ಇದು. ನೇರವಾಗಿ ಹೇಳಬೇಕೆಂದರೆ, ಸ್ಟೇಡಿಯಂ ಎತ್ತರಕ್ಕೆ ಬೆಳೆದ ಹಾಗೆ ಒಂದೊಂದು ಸೀಟು ಕಟ್ಟುವ ಖರ್ಚು ಏರುತ್ತಾ ಹೋಗುತ್ತದೆ, ಆ ಸೀಟಿನಿಂದ ಬರುವ ಹಣ ಇಳಿಯುತ್ತಾ ಹೋಗುತ್ತದೆ. ಕೆಳಗಿನ ಸಾಲು ನೆಲದ ಮೇಲೇ ಕೂರುತ್ತದೆ. ತುತ್ತತುದಿಯ ಸಾಲಿಗೆ ಕಂಬ, ಮೆಟ್ಟಿಲು, ಲಿಫ್ಟು, ಶೌಚಾಲಯ, ಅದರ ಮೇಲೊಂದು ಛಾವಣಿ ಎಲ್ಲವೂ ಹೊಸದಾಗಿ ಬೇಕು. ಅಷ್ಟು ಮಾಡಿದ ಮೇಲೂ ಅಲ್ಲಿಂದ ಆಟಗಾರರು ಇರುವೆಯಷ್ಟೇ ಕಾಣುವುದರಿಂದ ಆ ಟಿಕೆಟ್‌ಗೆ ಹೆಚ್ಚು ಬೆಲೆ ಇಡಲಾಗುವುದಿಲ್ಲ. ಇನ್ನೊಂದು ಸೀಟು ಹಾಕಿದರೆ ಅದರ ಖರ್ಚು ಹುಟ್ಟುವುದಿಲ್ಲ ಅನ್ನುವ ಹಂತ ಬಂದಾಗ ಕ್ಲಬ್ ಕೈ ಬಿಡುತ್ತದೆ.

ಆದರೆ ಲೆಕ್ಕಕ್ಕೂ ಮೊದಲು ಜಾಗದ ಮಾತಾಡಬೇಕು. ಲಿವರ್‌ಪೂಲ್‌ನ ತವರಾದ ಆನ್‌ಫೀಲ್ಡ್ 1884ರ ಮೈದಾನ. ಕೆಂಪು ಇಟ್ಟಿಗೆಯ, ಗೋಡೆಗೆ ಗೋಡೆ ತಾಗಿದ ಮನೆಸಾಲುಗಳ ನಡುವೆ ಇದೆ. ಒಂದು ಬದಿಯ ಸ್ಟ್ಯಾಂಡ್‌ಗೆ, ಅಂದರೆ ಗ್ಯಾಲರಿಗೆ, ಇನ್ನೊಂದು ಅಂತಸ್ತು ಸೇರಿಸಲು ಕ್ಲಬ್ ಹಿಂದಿನ ಕೆಮ್ಲಿನ್ ರಸ್ತೆಯ ಮನೆಗಳನ್ನು ಒಂದೊಂದಾಗಿ ಕೊಂಡು ಕೆಡವುತ್ತಾ ಬಂತು. ಇಬ್ಬರು ವಯಸ್ಸಾದ ಅಕ್ಕತಂಗಿಯರು ಮಾತ್ರ ಒಪ್ಪಲಿಲ್ಲ. ಸುತ್ತಲಿನದೆಲ್ಲ ನೆಲಸಮವಾಗಿ ಅವರ ಮನೆಯೊಂದೇ ಬೊಚ್ಚುಬಾಯಿಯ ಒಂಟಿ ಹಲ್ಲಿನ ಹಾಗೆ ಉಳಿದುಕೊಂಡಿತ್ತು. ಅವರು ಕೊನೆಗೆ ಮನೆ ಬಿಟ್ಟದ್ದು 1990ರಲ್ಲಿ. ಆ ಮೇಲಂತಸ್ತು ತೆರೆದದ್ದು 1992ರಲ್ಲಿ. ಯುರೋಪಿನ ಚಾಂಪಿಯನ್ ಪಟ್ಟ ಮತ್ತೆ ಮತ್ತೆ ಗೆದ್ದ ಕ್ಲಬ್ ಒಂದು ಮನೆಯ ಮುಂದೆ ವರ್ಷಗಟ್ಟಲೆ ಕಾಯಬೇಕಾಯಿತು. ನನಗೆ ಆ ಅಕ್ಕತಂಗಿಯರ ಮೇಲೆ ಗೌರವವೇ ಇದೆ.

ಮುಂದಿನ ಸುತ್ತು ಇದಕ್ಕಿಂತ ನೋವಿನದು. ಮೇನ್ ಸ್ಟ್ಯಾಂಡ್‌ನ ಹಿಂದಿನ ಬೀದಿಗಳಲ್ಲಿ ಕ್ಲಬ್ 90ರ ದಶಕದಿಂದಲೇ ಮನೆ ಕೊಳ್ಳುತ್ತಾ, ಅವನ್ನು ಖಾಲಿ ಬಿಡುತ್ತಾ ಬಂತು. ಕಿಟಕಿಗಳಿಗೆ ತಗಡು ಹೊಡೆದ ಮನೆಗಳ ನಡುವೆ ಉಳಿದವರು ಬದುಕು ಸಾಗಿಸಿದರು. ನಡುವೆ 2002ರಲ್ಲಿ ಪಕ್ಕದ ಸ್ಟ್ಯಾನ್ಲಿ ಪಾರ್ಕ್‌ನಲ್ಲಿ ಹೊಸ ಸ್ಟೇಡಿಯಂ ಕಟ್ಟುವ ಯೋಜನೆ ಬಂದು, ಎಳೆದೂ ಎಳೆದೂ ಬಿದ್ದುಹೋಯಿತು. 2010ರಲ್ಲಿ ಕ್ಲಬ್ ಕೊಂಡ ಅಮೆರಿಕದ ಫೆನ್‌ವೇ ಸಂಸ್ಥೆಯವರು ಬಾಸ್ಟನ್‌ನ ತಮ್ಮ ಹಳೇ ಬೇಸ್‌ಬಾಲ್ ಮೈದಾನವನ್ನು ಕೆಡವದೆ ದುರಸ್ತಿ ಮಾಡಿ ಉಳಿಸಿಕೊಂಡವರು. ಇಲ್ಲೂ ಅದೇ ದಾರಿ ಹಿಡಿದರು. ಹಳೇ ಮೇನ್ ಸ್ಟ್ಯಾಂಡ್‌ನಲ್ಲಿ ಜನ ಕೂತು ಮ್ಯಾಚ್ ನೋಡುತ್ತಿರುವಾಗಲೇ ಅದರ ಬೆನ್ನಿಗೆ ಹೊಸ ಉಕ್ಕಿನ ಚೌಕಟ್ಟು ಎದ್ದಿತು. 2016ರ ಸೆಪ್ಟೆಂಬರ್‌ನಲ್ಲಿ ಸುಮಾರು 8,500 ಸೀಟು ಹೆಚ್ಚಾಗಿ ಒಟ್ಟು 54 ಸಾವಿರಕ್ಕೆ ಮುಟ್ಟಿತು. ಕಂತಿನಲ್ಲಿ ಕಟ್ಟುವುದರ ದೊಡ್ಡ ಅನುಕೂಲ ಇದೇ. ಒಂದು ಮ್ಯಾಚ್‌ಗೂ ಬೇರೆ ಊರಿಗೆ ಹೋಗಬೇಕಿಲ್ಲ, ಟಿಕೆಟ್ ಹಣ ನಿಲ್ಲುವುದಿಲ್ಲ.

ಅಹಮದಾಬಾದ್ ಹೋಲಿಕೆಗೆ ಬರೋಣ. ಅದು ಕ್ರಿಕೆಟ್ ಮೈದಾನ. ಫುಟ್‌ಬಾಲ್ ಅಂಕಣ 105 ಮೀಟರ್ ಉದ್ದ, 68 ಮೀಟರ್ ಅಗಲ ಅಷ್ಟೇ. ಕ್ರಿಕೆಟ್‌ನ ಬೌಂಡರಿ ಅದಕ್ಕಿಂತ ಎಷ್ಟೋ ದೊಡ್ಡ ಸುತ್ತು. ಸುತ್ತು ದೊಡ್ಡದಾದರೆ ಒಂದೊಂದು ಸಾಲಿನಲ್ಲೂ ಹೆಚ್ಚು ಜನ ಹಿಡಿಸುತ್ತಾರೆ. ಫುಟ್‌ಬಾಲ್‌ನಲ್ಲಿ ಅಷ್ಟೇ ಜನರನ್ನು ಕೂರಿಸಬೇಕಾದರೆ ಮೇಲಕ್ಕೆ ಮೇಲಕ್ಕೆ ಹೋಗಬೇಕು. ಹಿಂದಿನವನಿಗೆ ಮುಂದಿನವನ ತಲೆಯ ಮೇಲಿಂದ ಹತ್ತಿರದ ಟಚ್‌ಲೈನ್ (ಅಂಕಣದ ಬದಿಯ ಗೆರೆ) ಕಾಣಬೇಕಾದ್ದರಿಂದ ಪ್ರತಿ ಸಾಲೂ ತನ್ನ ಮುಂದಿನ ಸಾಲಿಗಿಂತ ಕಡಿದಾಗುತ್ತದೆ. ಬ್ರಿಟನ್‌ನ ಮಾರ್ಗಸೂಚಿ ಪ್ರಕಾರ ಆ ಇಳಿಜಾರು 34 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲಬೇಕು. ಅದಕ್ಕಿಂತ ಕಡಿದಾದರೆ ಇಳಿಯುವಾಗ ಕಾಲು ತಪ್ಪಿದವರನ್ನು ಹಿಡಿಯುವವರಿಲ್ಲ.

ದೂರ ಎಂದರೇನು ಎಂದು ಬೆಂಗಳೂರಿನ ಫುಟ್‌ಬಾಲ್ ಪ್ರಿಯರಿಗೆ ಬೇರೆ ಹೇಳಬೇಕಿಲ್ಲ. ಕಂಠೀರವ 1997ರ ರಾಷ್ಟ್ರೀಯ ಕ್ರೀಡಾಕೂಟದ ಕೊಡುಗೆ. ಅದು ಮೂಲದಲ್ಲಿ ಅಥ್ಲೆಟಿಕ್ಸ್‌ಗೆಂದು ಕಟ್ಟಿದ್ದು. ಗ್ಯಾಲರಿಗೂ ಅಂಕಣಕ್ಕೂ ನಡುವೆ ಓಟದ ಟ್ರ್ಯಾಕ್ ಇದೆ. ಆಚೆ ಮೂಲೆಯಲ್ಲಿ ಬಾಲ್ ಯಾರ ಕಾಲಿಗೆ ತಾಗಿ ಹೊರ ಹೋಯಿತು, ಕಾರ್ನರ್ರೋ ಗೋಲ್ ಕಿಕ್ಕೋ ಅಂತ ನಾನು ಎಷ್ಟೋ ಸಲ ಪಕ್ಕದವರನ್ನು ಕೇಳಿದ್ದೇನೆ, ಅವರೂ ನನ್ನನ್ನೇ ಕೇಳಿದ್ದಾರೆ. ವೆಸ್ಟ್ ಬ್ಲಾಕ್‌ನ ಹುಡುಗರು ತೊಂಬತ್ತು ನಿಮಿಷ ಕುಣಿದು ಹಾಡಿದರೂ ಆ ಸದ್ದಿನ ಅರ್ಧ ಟ್ರ್ಯಾಕ್ ಮೇಲೇ ಆರಿಹೋಗುತ್ತದೆ. ಬಿಎಫ್‌ಸಿ (ಬೆಂಗಳೂರು ಫುಟ್‌ಬಾಲ್ ಕ್ಲಬ್) ತನ್ನ ಮೊದಲ ಸೀಸನ್, 2013-14ರಲ್ಲಿ, ಆಡಿದ್ದು ಅಶೋಕನಗರದ ಹಳೇ ಫುಟ್‌ಬಾಲ್ ಸ್ಟೇಡಿಯಂನಲ್ಲಿ. ಅದು ಚಿಕ್ಕದು, ಸೌಕರ್ಯವೂ ಕಡಿಮೆ. ಆದರೆ ಬಾಲ್‌ಗೆ ಕಾಲು ತಾಗಿದ ಸದ್ದು ಕಿವಿಗೆ ಬೀಳುತ್ತಿತ್ತು. ಲೀಗ್ ಗೆದ್ದದ್ದೂ ಅದೇ ವರ್ಷ.

ಸೀಟಿನ ಲೆಕ್ಕ ಕೂರುವುದಕ್ಕೆ ಮಾತ್ರ ಅಲ್ಲ, ಹೊರಗೆ ಹೋಗುವುದಕ್ಕೂ. ಆನ್‌ಫೀಲ್ಡ್‌ನ ಹೆಸರಾಂತ ಕಾಪ್ ಗ್ಯಾಲರಿಯಲ್ಲಿ ಒಂದು ಕಾಲಕ್ಕೆ 28 ಸಾವಿರದಷ್ಟು ಜನ ನಿಂತು ನೋಡುತ್ತಿದ್ದರು. 1989ರಲ್ಲಿ ಶೆಫೀಲ್ಡ್‌ನ ಹಿಲ್ಸ್‌ಬರೋ ಮೈದಾನದ ನೂಕುನುಗ್ಗಲಿನ ದುರಂತದಲ್ಲಿ 97 ಲಿವರ್‌ಪೂಲ್ ಅಭಿಮಾನಿಗಳು ಸತ್ತರು. ನಂತರ ಬಂದ ಟೇಲರ್ ವರದಿಯಿಂದ ದೊಡ್ಡ ಕ್ಲಬ್‌ಗಳಲ್ಲಿ ಎಲ್ಲರಿಗೂ ಸೀಟು ಕಡ್ಡಾಯವಾಯಿತು. 1994ರ ಬಳಿಕ ಅದೇ ಕಾಪ್‌ನಲ್ಲಿ 12 ಸಾವಿರ ಚಿಲ್ಲರೆ ಜನ. ಈಗಿನ ಮಾರ್ಗಸೂಚಿಯಂತೆ ಆಟ ಮುಗಿದ ಮೇಲೆ ಗ್ಯಾಲರಿಯ ಜನ ಎಂಟು ನಿಮಿಷದೊಳಗೆ ಅಲ್ಲಿಂದ ಹೊರಬೀಳುವಂತಿರಬೇಕು. ಹೊಸ ಸೀಟು ಹಾಕಿದರೆ ಮೆಟ್ಟಿಲು, ಬಾಗಿಲು, ಓಣಿ ಎಲ್ಲ ಅದಕ್ಕೆ ತಕ್ಕ ಹಾಗೆ ಅಗಲವಾಗಬೇಕು. ಇದನ್ನು ದಂಡದ ಖರ್ಚು ಅಂದುಕೊಳ್ಳುವವರಿಗೆ 2025ರ ಜೂನ್ 4ರ ಸಂಜೆ ನೆನಪಾಗಲಿ. ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ನೂಕುನುಗ್ಗಲಿನಲ್ಲಿ 11 ಜನ ಜೀವ ಕಳೆದುಕೊಂಡರು. ಒಳಗಿನ ಸೀಟಿನ ಸಂಖ್ಯೆ ಎಷ್ಟಿದ್ದರೂ ಬಾಗಿಲು ಹಿಡಿಸುವಷ್ಟೇ ಜನ ಹಿಡಿಸುವುದು.

ಇನ್ನು ದುಡ್ಡು. ಆನ್‌ಫೀಲ್ಡ್ ರೋಡ್ ಬದಿಯ ವಿಸ್ತರಣೆ 2021ರಲ್ಲಿ ಶುರುವಾಯಿತು. ಅಂದಾಜು 8 ಕೋಟಿ ಪೌಂಡ್, ಸುಮಾರು 7,000 ಹೊಸ ಸೀಟು. ಅಂದರೆ ಒಂದು ಸೀಟಿಗೆ 11 ಸಾವಿರ ಪೌಂಡ್ ದಾಟಿತು. ವರ್ಷಕ್ಕೆ ತವರಿನಲ್ಲಿ 25 ಮ್ಯಾಚ್, ಟಿಕೆಟ್‌ಗೆ ಸರಾಸರಿ 45 ಪೌಂಡ್ ಎಂದು ಹಿಡಿದು ನಾನು ಲೆಕ್ಕ ಹಾಕಿದೆ. ವರ್ಷಕ್ಕೆ 79 ಲಕ್ಷ ಪೌಂಡ್ ಆಗುತ್ತದೆ. ತೆರಿಗೆ, ಬಡ್ಡಿ, ಸಿಬ್ಬಂದಿ ಖರ್ಚು ಏನೂ ಇಲ್ಲ ಎಂದುಕೊಂಡರೂ ಅಸಲು ಹುಟ್ಟಲು ಹತ್ತು ವರ್ಷ. ನಡುವೆ ಗುತ್ತಿಗೆ ಹಿಡಿದ ಕಂಪನಿಯೇ 2023ರಲ್ಲಿ ದಿವಾಳಿ ಎದ್ದಿತು. ಆಗಸ್ಟ್‌ಗೆ ತೆರೆಯಬೇಕಿದ್ದ ಮೇಲಂತಸ್ತಿನ ಒಂದು ಭಾಗ ಡಿಸೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಪಂದ್ಯದ ಹೊತ್ತಿಗೆ ತೆರೆಯಿತು.

ಈಗ ಅದೇ ಲೆಕ್ಕಕ್ಕೆ ಊಟ, ಲಾಂಜು, ಮೆತ್ತನೆ ಸೀಟು ಸೇರಿಸಿ ನೋಡಿ. ಹಾಸ್ಪಿಟಾಲಿಟಿ ಅಂತ ಕರೆಯುವ ಈ ಸೀಟಿಗೆ 300 ಪೌಂಡ್ ಎಂದು ಹಿಡಿದರೆ ಸಾವಿರ ಸೀಟೇ ಸಾಕು, ಹೆಚ್ಚುಕಡಿಮೆ ಏಳು ಸಾವಿರ ಸಾಮಾನ್ಯ ಸೀಟಿನಷ್ಟು ಹಣ ತರುತ್ತದೆ. ಹೊಸ ಸ್ಟ್ಯಾಂಡ್‌ಗಳ ನಡುಮಟ್ಟದಲ್ಲಿ ಗಾಜಿನ ಗೋಡೆಯ ಊಟದ ಹಾಲ್‌ಗಳು ಕಾಣುವುದು ಇದಕ್ಕೇ. ಹಾಗೆ ನೋಡಿದರೆ ಇಂದಿನ ವಿಸ್ತರಣೆಗಳ ಸಾಲ ತೀರಿಸುವುದರಲ್ಲಿ ಮೇಲಿನ ಸಾವಿರಾರು ಸೀಟುಗಳಷ್ಟೇ ಪಾಲು ನಡುವಿನ ಈ ಸಾವಿರದಷ್ಟು ಸೀಟುಗಳದ್ದೂ.

ಹೊಸದಾಗಿ ಕಟ್ಟಿದವರ ಪೈಕಿ ಲಂಡನ್‌ನ ಟಾಟನ್‌ಹ್ಯಾಮ್ ಕ್ಲಬ್‌ನವರದು ದೊಡ್ಡ ಧೈರ್ಯ. 36 ಸಾವಿರ ಜನ ಹಿಡಿಸುತ್ತಿದ್ದ ವೈಟ್ ಹಾರ್ಟ್ ಲೇನ್ ಕೆಡವಿ, 2019ರ ಏಪ್ರಿಲ್‌ನಲ್ಲಿ ಈಗ 62,850 ಸೀಟಿರುವ ಸ್ಟೇಡಿಯಂ ತೆರೆದರು. ಖರ್ಚು ಸುಮಾರು 100 ಕೋಟಿ ಪೌಂಡ್. ಹೆಚ್ಚಾದ ಸೀಟಿಗೆ ಮಾತ್ರ ಹಂಚಿದರೆ ಒಂದಕ್ಕೆ 37 ಸಾವಿರ ಪೌಂಡ್, ಆನ್‌ಫೀಲ್ಡ್ ರೋಡ್‌ನ ಮೂರು ಪಟ್ಟು. ಟಿಕೆಟ್ ಒಂದನ್ನೇ ನಂಬಿದರೆ ಇದು ಎಂದೂ ಹುಟ್ಟದ ಹಣ. ಅದಕ್ಕೇ ಹುಲ್ಲಿನ ಅಂಕಣವನ್ನು ಮೂರು ತುಂಡಾಗಿ ಒಳಗೆ ಸರಿಸಿ, ಕೆಳಗೆ ಅಮೆರಿಕನ್ ಫುಟ್‌ಬಾಲ್‌ಗೆ ಬೇರೆ ಹಾಸು ಇಟ್ಟಿದ್ದಾರೆ. 2023ರಲ್ಲಿ ಬಿಯಾನ್ಸೆ ಅಲ್ಲಿ ಐದು ರಾತ್ರಿ ಹಾಡಿದರು. ಗೋಲಿನ ಹಿಂದೆ 65 ಮೀಟರ್ ಉದ್ದದ ಬಾರ್ ಇದೆ. ಅಲ್ಲಿ ಬಿಯರ್ ಮೇಲಿಂದ ಸುರಿಯುವುದಿಲ್ಲ, ಲೋಟದ ತಳದ ರಂಧ್ರದಿಂದ ತಾನೇ ಉಕ್ಕಿ ತುಂಬುತ್ತದೆ, ಲೋಟ ಎತ್ತಿದ ಕೂಡಲೇ ತಳ ಮುಚ್ಚಿಕೊಳ್ಳುತ್ತದೆ. ವಿರಾಮ ಹದಿನೈದೇ ನಿಮಿಷ. ಸಾಲು ಬೇಗ ಕರಗಿದಷ್ಟೂ ವ್ಯಾಪಾರ. ಜನ ಎರಡು ಗಂಟೆ ಮೊದಲೇ ಬಂದು, ಆಟ ಮುಗಿದ ಮೇಲೂ ಒಂದು ಗಂಟೆ ಉಳಿದರೆ ಆ ಹಣ ಬೀದಿಯ ಅಂಗಡಿಗೆ ಹೋಗದೆ ಕ್ಲಬ್‌ನ ಗಲ್ಲಾಪೆಟ್ಟಿಗೆಗೆ ಬೀಳುತ್ತದೆ. ಹಳೇ ಮೈದಾನದಲ್ಲಿ ವರ್ಷಕ್ಕೆ ಸುಮಾರು 4.5 ಕೋಟಿ ಪೌಂಡ್ ಇದ್ದ ಮ್ಯಾಚ್ ದಿನದ ಆದಾಯ 2022-23ರಲ್ಲಿ 11.76 ಕೋಟಿಗೆ ಏರಿತು. ಸಾಲದ ದೊಡ್ಡ ಪಾಲನ್ನು ಬಡ್ಡಿ ಅಗ್ಗವಾಗಿದ್ದ 2019ರಲ್ಲೇ ಸರಾಸರಿ 2.66 ಶೇಕಡಾಕ್ಕೆ ದೀರ್ಘಾವಧಿಗೆ ಕಟ್ಟಿಹಾಕಿದ್ದು ಅವರ ಪುಣ್ಯ.

ಆರ್ಸೆನಲ್ ಅಭಿಮಾನಿಗಳಿಗೆ ಈ ಸಾಲದ ಇನ್ನೊಂದು ಮುಖ ಗೊತ್ತು. 39 ಕೋಟಿ ಪೌಂಡ್‌ನ ಎಮಿರೇಟ್ಸ್ ಸ್ಟೇಡಿಯಂ 2006ರಲ್ಲಿ ತೆರೆದ ಮೇಲೆ ಗೇಟಿನ ಹಣ ಏರಿತು, ಆದರೆ ಕಂತು ಕಟ್ಟುವ ವರ್ಷಗಳಲ್ಲಿ ಮುಖ್ಯ ಆಟಗಾರರಾದ ಫ್ಯಾಬ್ರೆಗಾಸ್, ನಸ್ರಿ, ವ್ಯಾನ್ ಪರ್ಸಿ ಒಬ್ಬೊಬ್ಬರಾಗಿ ಹೊರಟರು. 2005ರ ನಂತರ ದೊಡ್ಡ ಕಪ್ ಬಂದದ್ದು 2014ರಲ್ಲಿ.

ಇಷ್ಟೆಲ್ಲ ಲೆಕ್ಕದಲ್ಲಿ ಒಂದು ವಿಷಯ ಲೆಡ್ಜರ್‌ಗೆ ಬರುವುದಿಲ್ಲ, ಅದು ಸದ್ದು. ಲಿವರ್‌ಪೂಲ್‌ನ 2023-24ರ ಆದಾಯ 61.4 ಕೋಟಿ ಪೌಂಡ್. ಅದರಲ್ಲಿ ಮ್ಯಾಚ್ ದಿನದ್ದು 10.2 ಕೋಟಿ, ಟಿವಿಯದು 20.4 ಕೋಟಿ, ಪ್ರಾಯೋಜಕರು ಮತ್ತು ವ್ಯಾಪಾರದ್ದು 30.8 ಕೋಟಿ. ಆದರೆ ಟಿವಿಯವರು, ಪ್ರಾಯೋಜಕರು ಕೊಳ್ಳುವುದೇನು? ಕಾಪ್ ಹಾಡುವುದನ್ನು, ಕೆಂಪು ಶಾಲು ಎತ್ತಿ ಹಿಡಿಯುವುದನ್ನು. ರಾತ್ರಿ ಒಂದೂವರೆಗೆ ಹುಬ್ಬಳ್ಳಿಯಲ್ಲಿ ಕೂತು ನೋಡುವವನಿಗೆ ಮೈ ಜುಂ ಅನ್ನಿಸುವುದು ಆ ಸದ್ದಿನಿಂದ. ಅದು ಗಾಜಿನ ಹಾಲ್‌ನಿಂದ ಬರುವುದಿಲ್ಲ. ತಾತ, ಅಪ್ಪ, ಮಗ ಅಂತ ತಲೆಮಾರಿನಿಂದ ಬರುತ್ತಿರುವ ಊರಿನ ಜನರಿಂದ ಬರುತ್ತದೆ. ಟಿಕೆಟ್ ಬೆಲೆ ಏರಿಸಿ ಅವರನ್ನು ಹೊರಗಿಟ್ಟರೆ ಬಿತ್ತನೆಗೆ ಇಟ್ಟ ಕಾಳನ್ನೇ ಬೇಯಿಸಿ ಉಂಡ ಹಾಗೆ.

ಇದನ್ನು ಅಭಿಮಾನಿಗಳೇ ಕ್ಲಬ್‌ಗೆ ತೋರಿಸಿಕೊಟ್ಟರು. ಹೊಸ ಮೇನ್ ಸ್ಟ್ಯಾಂಡ್ ಬರುವ ಹೊತ್ತಿಗೆ ಅಲ್ಲಿನ ಅತಿ ದುಬಾರಿ ಟಿಕೆಟ್ 59ರಿಂದ 77 ಪೌಂಡ್‌ಗೆ ಏರುತ್ತದೆ ಎಂದು ಪ್ರಕಟಿಸಿದ್ದರು. 2016ರ ಫೆಬ್ರವರಿ 6, ಸಂಡರ್‌ಲ್ಯಾಂಡ್ ವಿರುದ್ಧ ಪಂದ್ಯ. ಲಿವರ್‌ಪೂಲ್ 2-0 ಮುಂದಿತ್ತು. ಗಡಿಯಾರ 77ನೇ ನಿಮಿಷ ತೋರಿಸಿತು. ಸುಮಾರು ಹತ್ತು ಸಾವಿರ ಜನ ಎದ್ದು ಮೆಟ್ಟಿಲಿಳಿದು ಹೊರ ನಡೆದರು, ಗೆಲ್ಲುತ್ತಿರುವ ಪಂದ್ಯ ಬಿಟ್ಟು. ಅವರು ಹೋದ ಮೇಲೆ ಸಂಡರ್‌ಲ್ಯಾಂಡ್ ಎರಡು ಗೋಲು ಹೊಡೆದು 2-2 ಮಾಡಿತು. ನಾಲ್ಕೇ ದಿನದಲ್ಲಿ ಮಾಲೀಕರು ಕ್ಷಮೆ ಕೇಳಿ ಬೆಲೆ ಏರಿಕೆ ಕೈಬಿಟ್ಟರು. ಆ ಖಾಲಿ ಸೀಟುಗಳ ಚಿತ್ರ ನೋಡಿದಾಗೆಲ್ಲ ನನಗೆ ಗಂಟಲು ಕಟ್ಟುತ್ತದೆ. ತಮ್ಮ ತಂಡವನ್ನು ಅಷ್ಟು ಪ್ರೀತಿಸುವವರು ಬೆನ್ನು ಹಾಕಿ ಹೋಗಬೇಕಾಗಿ ಬಂದದ್ದು ಸಣ್ಣ ಮಾತಲ್ಲ.

ನೀವು ಕೇಳಿದ ಲಕ್ಷ ಸೀಟಿನ ಸ್ಟೇಡಿಯಂ ಇಂಗ್ಲೆಂಡಿನಲ್ಲಿ ಬರಲೂಬಹುದು. ಮ್ಯಾಂಚೆಸ್ಟರ್ ಯುನೈಟೆಡ್ 2025ರ ಮಾರ್ಚ್‌ನಲ್ಲಿ ತನ್ನ ಮೈದಾನ ಓಲ್ಡ್ ಟ್ರಾಫರ್ಡ್ ಪಕ್ಕದಲ್ಲೇ ಲಕ್ಷ ಜನರ ಹೊಸ ಸ್ಟೇಡಿಯಂ ಯೋಜನೆ ಪ್ರಕಟಿಸಿತು. ಅಂದಾಜು 200 ಕೋಟಿ ಪೌಂಡ್. ಅವರಿಗೂ ಜಾಗವೇ ಮೊದಲ ತೊಡಕು, ಬೆನ್ನಿಗೇ ರೈಲ್ವೆ ಸರಕು ಯಾರ್ಡ್ ಇದೆ. ಅದು ತೆರವಾಗಿ, ಸಾಲ ಸಿಕ್ಕಿ, ಕಟ್ಟಡ ಎದ್ದರೆ, ಆ ಲಕ್ಷದಲ್ಲಿ ಎಷ್ಟು ಸೀಟು ಅಕ್ಕಪಕ್ಕದ ಸಾಲ್‌ಫರ್ಡ್, ಸ್ಟ್ರೆಟ್‌ಫರ್ಡ್‌ನ ಹುಡುಗರ ಕೈಗೆಟುಕುವ ಬೆಲೆಗೆ ಸಿಗುತ್ತದೆ ಅನ್ನುವುದನ್ನೇ ನಾನು ಮೊದಲು ನೋಡುವುದು.