ಮಗುವನ್ನು ತಾಯಿಗೆ ತೋರಿಸಬೇಕಾ, ಬೇಡ್ವಾ?

ಹರಿಹರದ ಒಬ್ಬ ಅಕ್ಕ ಕೇಳಿದ್ದಾರೆ: "ನನ್ನ ತಂಗಿಗೆ ಎಂಟು ತಿಂಗಳು. ಮಗು ಹೊಟ್ಟೆಯಲ್ಲೇ ತೀರಿಕೊಂಡಿದೆ ಅಂದರು. ದಾವಣಗೆರೆಯಲ್ಲಿ ಅಡ್ಮಿಟ್ ಮಾಡಿದ್ದೇವೆ, ನೋವು ಬರಿಸಿ ಹೆರಿಗೆ ಮಾಡಿಸುತ್ತಾರಂತೆ. ಮಗುವನ್ನು ಅವಳಿಗೆ ತೋರಿಸಲೇಬೇಡಿ, ಮರೆತುಬಿಡಲಿ ಅಂತ ಅಮ್ಮ, ಅವಳ ಅತ್ತೆ ಇಬ್ಬರೂ ಹೇಳುತ್ತಿದ್ದಾರೆ. ಏನು ಮಾಡಲಿ?"

ತಂಗಿಯನ್ನೇ ಕೇಳಿ, ಅಕ್ಕಾ.

ನನಗೆ ಹೀಗಾದಾಗ ಯಾರೂ ಕೇಳಲಿಲ್ಲ. ಬಟ್ಟೆಯಲ್ಲಿ ಸುತ್ತಿ ನಮ್ಮ ಮನೆಯವರ ಕೈಗೆ ಕೊಟ್ಟರು, ಮಧ್ಯಾಹ್ನದೊಳಗೆ ಮಣ್ಣು ಮಾಡಿ ಬಂದರು. ಎಲ್ಲರೂ ನನ್ನ ಒಳ್ಳೆಯದಕ್ಕೇ ಮಾಡಿದ್ದು, ಅದು ಗೊತ್ತು. ಆದರೆ ಮಗು ಯಾರ ಹಾಗಿತ್ತು, ತಲೆ ತುಂಬ ಕೂದಲಿತ್ತಾ ಅಂತ ಇವತ್ತಿಗೂ ಅನಿಸುತ್ತದೆ. ನೋಡದಿದ್ದರೆ ಮರೆಯುತ್ತಾಳೆ ಅನ್ನುವುದು ನಿಜವಲ್ಲ.

ಹಾಗಂತ ನೋಡಲೇಬೇಕು ಅನ್ನುವ ಒತ್ತಾಯವೂ ಬೇಡ. ಕೆಲವರಿಗೆ ನೋಡಿದರೆ ಸಮಾಧಾನ, ಕೆಲವರಿಗೆ ತಡೆದುಕೊಳ್ಳಲು ಆಗುವುದಿಲ್ಲ. ಈಗ ಬೇಡ ಅಂದರೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಕೇಳಿ. ಮೊದಲು ನೀವು ನೋಡಿ, ಹೇಗಿದೆ ಅಂತ ಅವಳಿಗೆ ಮೆಲ್ಲಗೆ ಹೇಳಿ, ಯಾಕೆಂದರೆ ತೀರಿಕೊಂಡು ಒಂದೆರಡು ದಿನವಾಗಿದ್ದರೆ ಚರ್ಮ ಅಲ್ಲಲ್ಲಿ ಸುಲಿದಿರಬಹುದು, ತುಟಿ ಕಪ್ಪಾಗಿರಬಹುದು. ಗೊತ್ತಿಲ್ಲದೆ ನೋಡಿದರೆ ಹೆದರುತ್ತಾಳೆ. ಅವಳು ಹೂಂ ಅಂದರೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ, ಸ್ಟಾಂಪ್ ಪ್ಯಾಡಿನ ಮಸಿಯಲ್ಲಿ ಪುಟ್ಟ ಪಾದದ ಗುರುತು ತೆಗೆದುಕೊಳ್ಳಿ. ಬ್ರಿಟನ್ನಿನ ಎಷ್ಟೋ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ತರಬೇತಾದ ದಾದಿಯರು ಇರುತ್ತಾರೆ. ನಮ್ಮಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಹಾಗಾಗಿ ನೀವೇ ಬಾಯಿಬಿಟ್ಟು ಕೇಳಬೇಕು. ಬಾಣಂತಿಯರ ಮಧ್ಯೆ ಬೇಡ, ಬೇರೆ ಕಡೆ ಹಾಸಿಗೆ ಕೊಡಿ ಅಂತಲೂ ಸಿಸ್ಟರ್ ಹತ್ತಿರ ಕೇಳಿ. ಪಕ್ಕದ ಮಂಚದಲ್ಲಿ ಮಗು ಅಳುವುದನ್ನು ಕೇಳುತ್ತಾ ಮಲಗುವುದಿದೆಯಲ್ಲ, ಅದು ಯಾರಿಗೂ ಬೇಡ. ಮಾಸನ್ನು ಪರೀಕ್ಷೆಗೆ ಕಳಿಸುತ್ತೀರಾ ಅಂತ ಹೆರಿಗೆಗೆ ಮೊದಲೇ ಡಾಕ್ಟರನ್ನು ಕೇಳಿ, ಯಾಕೆ ಹೀಗಾಯಿತು ಅನ್ನುವುದಕ್ಕೆ ಕೆಲವೊಮ್ಮೆ ಅದರಲ್ಲೇ ಸುಳಿವು ಸಿಗುತ್ತದೆ.

ಇನ್ನೊಂದು ಮಾತು, ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಎರಡು ಮೂರು ದಿನಕ್ಕೆ ಎದೆಹಾಲು ಬರುತ್ತದೆ. ಮಗು ಇಲ್ಲ ಅಂತ ದೇಹಕ್ಕೆ ಗೊತ್ತಿರುವುದಿಲ್ಲ, ಅಲ್ವಾ? ಎದೆ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಸೀರೆ ಒದ್ದೆಯಾಗುತ್ತದೆ. ಬಟ್ಟೆಯಿಂದ ಬಿಗಿದು ಕಟ್ಟಬೇಡಿ. ತಣ್ಣೀರಿನ ಬಟ್ಟೆ ಇಡಿ, ತುಂಬಾ ನೋವಾದರೆ ನೋವು ಇಳಿಯುವಷ್ಟೇ ಹಿಂಡಿ ತೆಗೆಯಿರಿ, ಜಾಸ್ತಿ ತೆಗೆದರೆ ಇನ್ನೂ ಬರುತ್ತದೆ. ಹಾಲು ನಿಲ್ಲಿಸಲು ಮಾತ್ರೆ ಇದೆ, ಡಿಸ್ಚಾರ್ಜ್ ಆಗುವ ಮೊದಲೇ ಡಾಕ್ಟರನ್ನು ಕೇಳಿ. ಜ್ವರ ಬಂದು ಎದೆ ಕೆಂಪಾದರೆ ಕಾಯಬೇಡಿ, ಕರೆದುಕೊಂಡು ಹೋಗಿ.

ಮಗು ಇಲ್ಲ ಅಂದಮಾತ್ರಕ್ಕೆ ಬಾಣಂತನ ತಪ್ಪಿಸಬೇಡಿ. ಅವಳೂ ಹೆತ್ತವಳೇ. ಬಿಸಿನೀರು, ಬಿಸಿ ಊಟ, ನಿದ್ದೆ ಎಲ್ಲವೂ ಬೇಕು.

ತಂಗಿ ಕೆಲಸಕ್ಕೆ ಹೋಗುವವಳಾದರೆ ರಜೆಯ ವಿಷಯ ತಿಳಿದಿರಲಿ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಮಗು ಅನ್ನುವ ಪದಕ್ಕೆ ಸತ್ತು ಹುಟ್ಟಿದ ಮಗುವೂ ಸೇರಿತ್ತು, ಅಂದರೆ ಇಂಥ ತಾಯಿಗೂ ಹೆರಿಗೆ ರಜೆ ಇತ್ತು. ಬೇಗ ಗರ್ಭಪಾತವಾದವರಿಗೂ 6 ವಾರ ಸಂಬಳದ ರಜೆ ಅಂತ ಅದರಲ್ಲಿತ್ತು. ಈಗ ಹೇಗೆ ಅಂತ ಅವಳ ಆಫೀಸಿನಲ್ಲಿ ಕೇಳಿ.

ಅಳಲಿ, ಬಿಡಿ. ಅಳುವುದು ಕಾಯಿಲೆ ಅಲ್ಲ. ಆದರೆ ವಾರಗಟ್ಟಲೆ ನಿದ್ದೆ, ಊಟ ಬಿಟ್ಟರೆ, ಎಲ್ಲ ನನ್ನದೇ ತಪ್ಪು ಅಂತ ಕೂತರೆ, ನಾನೂ ಹೋಗಿಬಿಡುತ್ತೇನೆ ಅಂತ ಒಮ್ಮೆ ಅಂದರೂ ಸಾಕು, ತಡ ಮಾಡದೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿಗೆ ತೋರಿಸಿ. ರಾತ್ರಿ ಹೊತ್ತಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು, ದಿನವಿಡೀ ಇರುತ್ತದೆ.

ತಂಗಿಯ ಗಂಡನನ್ನೂ ಒಮ್ಮೆ ಪಕ್ಕಕ್ಕೆ ಕರೆದು ಮಾತಾಡಿಸಿ. ಮಗುವನ್ನು ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬರುವವರು ಅವರೇ. ಊಟ ಆಯ್ತಾ ಅಂತ ಅವರನ್ನು ಯಾರೂ ಕೇಳಿರುವುದಿಲ್ಲ.